ಹೊಳೆ ಕಡಲಿಗೆ ಕೊಡುವುದೇನು?

ಪ್ರತಿ ಬೇಸಗೆಯಲ್ಲಿಯೂ ನಮ್ಮ ಕಡೆಯ ಸಭೆ ಸಮಾರಂಭಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಮಳೆಗಾಲದಲ್ಲಿ ಇಷ್ಟೊಂದು ನೀರು ವ್ಯರ್ಥವಾಗಿ ಕಡಲು ಸೇರಿಹೋಯಿತು." ಬಾವಿ ಬತ್ತಿದವನ ಬಾಯಿಂದ ಬಂದಾಗ ಈ ಮಾತಿನಲ್ಲಿ ನೋವಿರುತ್ತದೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ 'ವ್ಯರ್ಥ' ಎಂಬ ಪದ ಮಾತ್ರ ವಿಚಾರಕ್ಕೆ ಯೋಗ್ಯವಾದದ್ದು. ಹೊಳೆಯು ಅಳಿವೆಯನ್ನು ದಾಟಿದ ಮೇಲೆ ಆ ನೀರು ಏನಾಗುತ್ತದೆ? ಕಡಲಿನಲ್ಲಿ ಅದು ಯಾವ ಕೆಲಸವನ್ನು ಮಾಡುತ್ತದೆ? ಅದು ಬಾರದಿದ್ದರೆ ಏನಾಗುತ್ತದೆ, ಹೆಚ್ಚಾಗಿ ಬಂದರೆ ಏನಾಗುತ್ತದೆ?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವಿಜ್ಞಾನ ವಿಷಯಕವಾದ ಲೇಖನವೊಂದು ಇರಲಿ ಎಂದು ಸಂಪಾದಕ ಸಮಿತಿಯವರು ಅಪೇಕ್ಷಿಸಿದಾಗ ನನಗೆ ಹೊಳೆದದ್ದು ಈ ಪ್ರಶ್ನೆಯೇ. ನಾನು ಕಡಲ ವಿಜ್ಞಾನಿಯಲ್ಲ. ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದ ಓರ್ವ ಅಧ್ಯಾಪಕ ಮಾತ್ರ. ವಿಜ್ಞಾನಿಗಳು ಅಳೆದು ನೋಡಿ ಹೇಳಿದ ಸಂಗತಿಗಳನ್ನು ನಮ್ಮ ಹೊಳೆ, ನಮ್ಮ ಕಡಲಿಗೆ ಹೊಂದಿಸಿ ಇಲ್ಲಿ ಸ್ಥೂಲವಾಗಿ ವಿವರಿಸಲು ಯತ್ನಿಸಿದ್ದೇನೆ.

ಕೇರಳದ 44 ನದಿಗಳಲ್ಲಿ 41 ಪಶ್ಚಿಮಾಭಿಮುಖವಾಗಿ ಹರಿದು ಅರಬಿ ಸಮುದ್ರದ ಕಡೆಗೆ ಸಾಗುತ್ತವೆ. ಆ 44ರಲ್ಲಿ 12 ನಮ್ಮ ಕಾಸರಗೋಡು ಜಿಲ್ಲೆಯೊಂದರಲ್ಲಿಯೇ ಇವೆ. ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲು ಹೊಳೆಗಳು ಚಿಕ್ಕವು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಮಾರ್ಗವಾಗಿ ಪಯಸ್ವಿನಿಯೆಂಬ ಹೆಸರಿನಿಂದ ಇಳಿದು, ತಳಂಗರೆಯ ಬಳಿ ಕಡಲನ್ನು ಸೇರುವ ಚಂದ್ರಗಿರಿ ಹೊಳೆ ಸುಮಾರು 105 ಕಿಲೋಮೀಟರ್ ಉದ್ದದ್ದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ, ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕದ ನಾಲ್ಕು ತಿಂಗಳಲ್ಲಿಯೇ ಬಿದ್ದುಹೋಗುತ್ತದೆ. ಹಾಗಾಗಿ ನಮ್ಮ ಹೊಳೆಗಳಿಗೆ ಎರಡು ಮುಖಗಳು: ಆಷಾಢದಲ್ಲಿ ಕೆಂಪು ನೀರಿನ ಪ್ರವಾಹ, ಚೈತ್ರದಲ್ಲಿ ಮೊಣಕಾಲು ಮುಳುಗದ ತೊರೆ. ಈ ಏರಿಳಿತವನ್ನು ಕಡಲು ವರ್ಷ ವರ್ಷವೂ ಅನುಭವಿಸುತ್ತದೆ.

ಎರಡು ನೀರುಗಳ ತೂಕ

ಸಮುದ್ರದ ನೀರು ಸಾವಿರ ಗ್ರಾಂ ತೆಗೆದುಕೊಂಡರೆ ಅದರಲ್ಲಿ ಸರಾಸರಿ 35 ಗ್ರಾಂ ಲವಣಗಳು ಕರಗಿರುತ್ತವೆ. ಹೊಳೆಯ ನೀರಿನಲ್ಲಿ ಲವಣಾಂಶ ತೀರಾ ಅತ್ಯಲ್ಪ. ಒಂದು ಲೀಟರ್ ಸಿಹಿನೀರು ಸುಮಾರು 1000 ಗ್ರಾಂ ತೂಗಿದರೆ, ಒಂದು ಲೀಟರ್ ಕಡಲ ನೀರು ಸುಮಾರು 1025 ಗ್ರಾಂ ತೂಗುತ್ತದೆ. ಈ 25 ಗ್ರಾಂಗಳ ವ್ಯತ್ಯಾಸ ನೋಡುವುದಕ್ಕೆ ಅಲ್ಪವೆನಿಸಿದರೂ, ಮುಂದೆ ಹೇಳಲಿರುವ ಎಲ್ಲ ಸಂಗತಿಗಳಿಗೂ ಮೂಲ ಅದೇ.

ಮನೆಯಲ್ಲಿ ಮಕ್ಕಳಿಗೆ ಇದನ್ನು ತೋರಿಸುವುದು ಸುಲಭ. ಒಂದು ಗಾಜಿನ ಲೋಟದಲ್ಲಿ ಅರ್ಧದಷ್ಟು ನೀರು ತೆಗೆದುಕೊಂಡು, ಒಂದು ಚಮಚ ಉಪ್ಪು ಕದಡಿ, ಎರಡು ಹನಿ ಶಾಯಿ ಬೆರೆಸಿರಿ. ಆ ಮೇಲೆ ಒಂದು ಚಮಚವನ್ನು ನೀರಿನ ಮಟ್ಟಕ್ಕೆ ಬೋರಲಾಗಿ ಹಿಡಿದು, ಅದರ ಬೆನ್ನಿನ ಮೇಲಿಂದ ಸಿಹಿನೀರನ್ನು ಮೆಲ್ಲಗೆ ಹೊಯ್ಯಿರಿ. ಶಾಯಿಯ ಬಣ್ಣದ ಉಪ್ಪುನೀರು ಕೆಳಗೆಯೇ ಉಳಿದು, ತಿಳಿನೀರು ಮೇಲೆ ಪದರವಾಗಿ ನಿಲ್ಲುತ್ತದೆ. ಮೇಲಿನಿಂದ ಮೆಲ್ಲಗೆ ಊದಿದರೆ ಮೇಲಿನ ಪದರ ಅಲುಗಾಡುತ್ತದೆ, ಕೆಳಗಿನದ್ದು ತಟಸ್ಥವಾಗಿರುತ್ತದೆ. ಚಮಚ ಹಾಕಿ ಬಲವಾಗಿ ಕಲಕಿದರೆ ಮಾತ್ರ ಎರಡೂ ಒಂದಾಗುತ್ತವೆ.

ಅಳಿವೆಯ ಆಚೆ ಕಡಲಿನಲ್ಲಿ ನಡೆಯುವುದೂ ಇದೇ. ಹೊಳೆಯ ಹಗುರ ನೀರು ಕಡಲ ನೀರಿನ ಮೇಲೆ ಚಾಪೆಯಂತೆ ಹಾಸಿಕೊಳ್ಳುತ್ತದೆ. ಮಳೆಗಾಲದಲ್ಲಿ ದಡದಿಂದ ನೋಡಿದರೆ ಕೆಂಪು ನೀರಿಗೂ ಹಸುರು ನೀರಿಗೂ ನಡುವೆ ಗೆರೆ ಎಳೆದಂತೆ ಕಾಣುವುದನ್ನು ಅಳಿವೆಯ ಸಮೀಪ ಬಾಳಿದವರೆಲ್ಲರೂ ಕಂಡಿದ್ದಾರೆ. ಇಲ್ಲಿ ಊದುವ ಬಾಯಿ ಎಂದರೆ ಗಾಳಿ. ಕಲಕುವ ಚಮಚ ಎಂದರೆ ಅಲೆ, ಉಬ್ಬರವಿಳಿತ ಮತ್ತು ಕಡಲಿನ ಹರಿವು. ಹೊಳೆಯ ನೀರು ಎಷ್ಟು ಹೆಚ್ಚೋ ಚಾಪೆ ಅಷ್ಟು ದಪ್ಪ. ಅದನ್ನು ಕಲಕಲು ಬೇಕಾದ ಬಲವೂ ಅಷ್ಟೇ ಹೆಚ್ಚು.

ನೀರಿನೊಳಗಿನ ಉಸಿರು

ಇನ್ನು ಆಮ್ಲಜನಕದ ಮಾತು. ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದೆ. ನಮ್ಮ ತೀರದ ಬೆಚ್ಚನೆಯ ಕಡಲ ನೀರು ಒಂದು ಲೀಟರಿನಲ್ಲಿ ಹೆಚ್ಚೆಂದರೆ ಆರು ಮಿಲಿಗ್ರಾಂನಷ್ಟನ್ನು ಹಿಡಿದಿಟ್ಟುಕೊಳ್ಳಬಲ್ಲದು. ಗಾಳಿಯಲ್ಲಿರುವುದರ ನಲವತ್ತರಲ್ಲಿ ಒಂದು ಪಾಲು. ಮೀನಿನ ಬದುಕು ಹೀಗೆ ಬಹಳ ಸಣ್ಣ ಗಂಟಿನ ಮೇಲೆ ನಡೆಯುವ ಸಂಸಾರ. ಅದು ಲೀಟರಿಗೆ ಎರಡು ಮಿಲಿಗ್ರಾಂಗಿಂತ ಕೆಳಗಿಳಿದರೆ ಈಜಬಲ್ಲ ಮೀನುಗಳು ಸ್ಥಳ ಬಿಟ್ಟು ಓಡುತ್ತವೆ. ಓಡಲಾರದ ಹುಳ, ಚಿಪ್ಪಿನ ಜೀವಿಗಳು, ಏಡಿಗಳು ಸಾಯತೊಡಗುತ್ತವೆ.

ಈ ಆಮ್ಲಜನಕ ನೀರಿಗೆ ಬರುವುದು ಎರಡು ದಾರಿಗಳಿಂದ. ಒಂದು, ಮೇಲ್ಮೈಯಲ್ಲಿ ಗಾಳಿಯಿಂದ ಕರಗುವುದು. ಇನ್ನೊಂದು, ಬಿಸಿಲು ತಲಪುವಷ್ಟು ಆಳದಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು, ಅಂದರೆ ಸಸ್ಯಪ್ಲವಕಗಳು, ದ್ಯುತಿಸಂಶ್ಲೇಷಣೆಯಿಂದ ಉಂಟುಮಾಡುವುದು. ಎರಡೂ ದಾರಿಗಳು ಮೇಲ್ಭಾಗದಲ್ಲಿಯೇ ಇವೆ. ವೆಚ್ಚ ಮಾತ್ರ ಮೇಲೂ ಉಂಟು, ಕೆಳಗೂ ಉಂಟು. ಸತ್ತ ಪ್ಲವಕ, ಎಲೆ, ಕಸ, ಮಲ ಇವೆಲ್ಲ ತಳಕ್ಕಿಳಿದು ಕೊಳೆಯುವಾಗ ಬ್ಯಾಕ್ಟೀರಿಯಗಳು ಅಲ್ಲಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಆದುದರಿಂದ ತಳದ ನೀರಿಗೆ ಆಗಾಗ ಮೇಲಿನಿಂದ ಹೊಸ ಆಮ್ಲಜನಕ ಇಳಿದು ಬರಲೇಬೇಕು. ನೀರು ಕಲಕಿದರೆ ಅದು ಬರುತ್ತದೆ. ನಡುವೆ ಚಾಪೆ ಹಾಸಿಕೊಂಡರೆ ಬಾರದು.

ಇಲ್ಲಿ ಒಂದು ಸೋಜಿಗವಿದೆ. ಒಂದೇ ಉಷ್ಣತೆಯಲ್ಲಿ ಸಿಹಿನೀರು ಉಪ್ಪುನೀರಿಗಿಂತ ಹೆಚ್ಚು ಆಮ್ಲಜನಕವನ್ನು ಹಿಡಿದಿಡುತ್ತದೆ. ಹಾಗಿದ್ದರೆ ಹೊಳೆ ಬಂದಷ್ಟೂ ಕಡಲಿಗೆ ಉಸಿರು ಹೆಚ್ಚಬೇಕಲ್ಲವೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಮೇಲಿನ ಪದರದ ಮಟ್ಟಿಗೆ ಅದು ನಿಜ. ಆದರೆ ಅದೇ ಪದರ ಮುಚ್ಚಳವಾಗಿ ಕುಳಿತು, ಕೆಳಗಿನವರ ಉಸಿರನ್ನು ಕಟ್ಟಬಹುದು. ಹೊಳೆಯು ಮುಚ್ಚಳವನ್ನು ತರುತ್ತದೆ; ಜೊತೆಯಲ್ಲಿ ಸಾರಜನಕ, ರಂಜಕ, ಸಿಲಿಕ ಮೊದಲಾದ ಪೋಷಕಾಂಶಗಳನ್ನೂ ತರುತ್ತದೆ. ಆ ಪೋಷಕಾಂಶ ಹಿತಮಿತವಾಗಿದ್ದರೆ ಪ್ಲವಕ ಬೆಳೆದು ಮೀನಿಗೆ ಊಟವಾಗುತ್ತದೆ. ಮಿತಿಮೀರಿದರೆ ತಿಂದು ಮುಗಿಯದ ಊಟ ತಳದಲ್ಲಿ ಕೊಳೆಯುತ್ತದೆ. ಒಂದು ಹೊಳೆ ಕಡಲಿಗೆ ಉಪಕಾರಿಯೋ ಅಪಕಾರಿಯೋ ಎಂಬುದು ಮೂರು ಸಂಗತಿಗಳನ್ನು ಅವಲಂಬಿಸಿದೆ: ನೀರು ಎಷ್ಟು ಬಂತು, ಯಾವಾಗ ಬಂತು, ಏನನ್ನು ಹೊತ್ತು ತಂದಿತು. ಇದನ್ನು ಲೋಕದ ಕೆಲವು ನಿದರ್ಶನಗಳಿಂದ ನೋಡೋಣ.

ಹೊರೆ ಹೆಚ್ಚಾದ ಹೊಳೆ: ಮಿಸಿಸಿಪಿ

ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಧಾನ ಭೂಭಾಗದ ಐದರಲ್ಲಿ ಎರಡು ಪಾಲಿನಷ್ಟು ನೆಲದ ನೀರು ಮಿಸಿಸಿಪಿ ನದಿಯ ಮೂಲಕ ಮೆಕ್ಸಿಕೊ ಕೊಲ್ಲಿಯನ್ನು ಸೇರುತ್ತದೆ. ಅಲ್ಲಿನ ವಿಶಾಲವಾದ ಜೋಳ ಮತ್ತು ಸೋಯಾ ಹೊಲಗಳ ಗೊಬ್ಬರದ ಸಾರಜನಕ ವಸಂತದ ಪ್ರವಾಹದೊಡನೆ ಬಂದು ಕಡಲಿಗೆ ಬೀಳುತ್ತದೆ. ಬೇಸಗೆಯಲ್ಲಿ ಗಾಳಿ ಕಡಿಮೆ, ಚಾಪೆ ಕದಡುವುದಿಲ್ಲ. ಮೇಲೆ ಪ್ಲವಕದ ಸುಗ್ಗಿ, ಕೆಳಗೆ ಆಮ್ಲಜನಕದ ಕ್ಷಾಮ. ಇದನ್ನು 'ಮೃತ ವಲಯ' ಎಂದು ಕರೆಯುತ್ತಾರೆ. ನ್ಯಾನ್ಸಿ ರಾಬಲೈಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1985ರಿಂದ ಪ್ರತಿ ಬೇಸಗೆಯಲ್ಲಿಯೂ ಹಡಗಿನಲ್ಲಿ ಹೋಗಿ ಈ ವಲಯವನ್ನು ಅಳೆಯತೊಡಗಿದರು.

ಆ ಅಳತೆಗಳನ್ನು ಹೊಳೆಯ ನೀರಿನ ಲೆಕ್ಕದೊಂದಿಗೆ ಇಟ್ಟು ನೋಡಿದರೆ ಸಂಬಂಧ ಸ್ಪಷ್ಟವಾಗುತ್ತದೆ. 1988ರಲ್ಲಿ ಅಲ್ಲಿ ಘೋರ ಬರಗಾಲ, ನದಿ ಸೊರಗಿತು, ಆ ಬೇಸಗೆಯಲ್ಲಿ ಮೃತ ವಲಯ ಹೆಚ್ಚುಕಡಿಮೆ ಕಾಣಿಸಲೇ ಇಲ್ಲ. 1993ರಲ್ಲಿ ಮಹಾಪೂರ, ವಲಯ 17,000 ಚದರ ಕಿಲೋಮೀಟರನ್ನು ಮೀರಿತು. 2017ರಲ್ಲಿ ಅದು ಸುಮಾರು 22,700 ಚದರ ಕಿಲೋಮೀಟರ್ ಆಯಿತು. ನಮ್ಮ ಕಾಸರಗೋಡು ಜಿಲ್ಲೆಯ ವಿಸ್ತೀರ್ಣ ಎರಡು ಸಾವಿರ ಚದರ ಕಿಲೋಮೀಟರಿಗೆ ತುಸು ಕಡಿಮೆ. ಅಂಥ ಹನ್ನೊಂದು ಜಿಲ್ಲೆಗಳಷ್ಟು ಕಡಲತಳದಲ್ಲಿ ಮೀನು ಉಸಿರಾಡುವಂತಿರಲಿಲ್ಲ.

ಅದೇ ಕೊಲ್ಲಿಯ ಅಲಬಾಮ ರಾಜ್ಯದ ಮೊಬೀಲ್ ಎಂಬಲ್ಲಿ ನಡೆಯುವ ಒಂದು ವಿಚಿತ್ರ ಸಂಗತಿಯನ್ನು ಈ ಸಂಚಿಕೆಯಲ್ಲಿ ಹೇಳದಿರಲಾರೆ. ಬೇಸಗೆಯ ಕೆಲವು ರಾತ್ರಿಗಳ ಕೊನೆಯ ಜಾವದಲ್ಲಿ, ಆಮ್ಲಜನಕವಿಲ್ಲದ ತಳದ ಉಪ್ಪುನೀರು ಉಬ್ಬರದೊಡನೆ ದಡದತ್ತ ಸರಿದು ಬರುತ್ತದೆ. ಅದರ ಮುಂದೆ ಓಡಿಬಂದ ಏಡಿ, ಸಿಗಡಿ, ಚಪ್ಪಟೆ ಮೀನುಗಳು ದಡದ ಪಾದದಾಳದ ನೀರಿನಲ್ಲಿ ರಾಶಿ ರಾಶಿಯಾಗಿ ಸೇರುತ್ತವೆ. ಊರಿನವರು ಬುಟ್ಟಿ ಹಿಡಿದುಕೊಂಡು ಓಡುತ್ತಾರೆ. ಹತ್ತೊಂಬತ್ತನೆಯ ಶತಮಾನದಿಂದಲೂ ನಡೆದುಬಂದ ಈ ಸಂಭ್ರಮಕ್ಕೆ ಅವರು ಇಟ್ಟ ಹೆಸರು 'ಜುಬಿಲಿ'! ದಡದ ಮೇಲಿನವರಿಗೆ ಹಬ್ಬ. ನೀರಿನೊಳಗಿನವರಿಗೆ ಉಸಿರುಗಟ್ಟಿದ ಪಲಾಯನ. ಕಡಲು ಧಾರಾಳವಾಗಿ ಕೊಟ್ಟಂತೆ ಕಂಡಾಗಲೆಲ್ಲ ಅದು ಸುಭಿಕ್ಷೆಯ ಗುರುತೇ ಎಂದು ತಿಳಿಯಬಾರದೆಂಬ ಪಾಠ ಇದರಲ್ಲಿದೆ.

ಕೆಟ್ಟ ಕಡಲು ಸುಧಾರಿಸುವುದೂ ಉಂಟು. ಡಾನ್ಯೂಬ್ ನದಿ ಸೇರುವ ಕಪ್ಪು ಸಮುದ್ರದ ವಾಯವ್ಯ ಭಾಗದಲ್ಲಿ 1970 ಮತ್ತು 80ರ ದಶಕಗಳಲ್ಲಿ ಇಂಥದೇ ವಲಯ ಹಬ್ಬಿತ್ತು. ಪೂರ್ವ ಯುರೋಪಿನ ರಾಜಕೀಯ ವ್ಯವಸ್ಥೆ ಕುಸಿದ 1990ರ ಸುಮಾರಿಗೆ ರೈತರಿಗೆ ಅಗ್ಗದ ಗೊಬ್ಬರ ಸಿಗದಾಯಿತು. ನದಿಯ ಪೋಷಕಾಂಶದ ಹೊರೆ ಇಳಿಯಿತು. ಕೆಲವೇ ವರ್ಷಗಳಲ್ಲಿ ಮೃತ ವಲಯ ಬಹುಮಟ್ಟಿಗೆ ಕುಗ್ಗಿತು. ಹೊರೆ ಇಳಿಸಿದರೆ ಕಡಲು ಚೇತರಿಸಿಕೊಳ್ಳುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ನಿಂತುಹೋದ ಹೊಳೆ: ನೈಲ್

ಹಾಗಾದರೆ ಹೊಳೆಯನ್ನೇ ಕಡಲಿಗೆ ಬಿಡದಿದ್ದರೆ ಒಳ್ಳೆಯದಲ್ಲವೆ? ಈಜಿಪ್ಟಿನ ಅನುಭವ ಬೇರೆಯೇ ಹೇಳುತ್ತದೆ. ನೈಲ್ ನದಿಯ ಪ್ರವಾಹ ಪ್ರತಿ ವರ್ಷ ಶರತ್ಕಾಲದಲ್ಲಿ ಮೆಡಿಟರೇನಿಯನ್ ಕಡಲನ್ನು ಸೇರಿದಾಗ ತೀರದ ಉಪ್ಪು ಇಳಿದು, ನೀರು ಪ್ಲವಕದಿಂದ ಹಸುರೇರುತ್ತಿತ್ತು. ಅದನ್ನು ತಿನ್ನಲು ಸಾರ್ಡಿನೆಲ್ಲ ಮೀನುಗಳು ಹಿಂಡು ಹಿಂಡಾಗಿ ಬರುತ್ತಿದ್ದವು. ನಮ್ಮ ಬೂತಾಯಿ ಕೂಡ ಇದೇ ಕುಲದ ಮೀನು. ಅಸ್ವಾನ್ ಅಣೆಕಟ್ಟಿನ ಹಿಂದೆ ನೀರು ನಿಲ್ಲತೊಡಗಿದ್ದು 1964ರಲ್ಲಿ. ಅದಾದ ಮೇಲೆ ಪ್ರವಾಹ ಕಡಲನ್ನು ಮುಟ್ಟಲಿಲ್ಲ. 1962ರಲ್ಲಿ ಸುಮಾರು 18,000 ಟನ್ನುಗಳಷ್ಟಿದ್ದ ಆ ಮೀನಿನ ಹಿಡುವಳಿ, 1968ರ ವೇಳೆಗೆ ಕೆಲವು ನೂರು ಟನ್ನುಗಳಿಗೆ ಇಳಿಯಿತು.

ಅಣೆಕಟ್ಟಿನಿಂದ ಈಜಿಪ್ಟಿಗೆ ವಿದ್ಯುತ್ತು ಬಂತು, ನೀರಾವರಿ ಬಂತು, ಬರಗಾಲದ ಭಯ ತಗ್ಗಿತು. ಆ ಲಾಭಗಳನ್ನು ಅಲ್ಲಗಳೆಯುವಂತಿಲ್ಲ. ಆದರೆ 'ವ್ಯರ್ಥವಾಗಿ' ಹರಿಯುತ್ತಿದ್ದ ಆ ನೀರು ಸಾವಿರಾರು ಬೆಸ್ತರ ಮನೆಗಳ ಅನ್ನವಾಗಿತ್ತು ಎಂಬುದು ಅದು ನಿಂತ ಮೇಲೆ ಎಲ್ಲರಿಗೂ ತಿಳಿಯಿತು. ಅನಂತರದ ದಶಕಗಳಲ್ಲಿ ಆ ತೀರದ ಮೀನುಗಾರಿಕೆ ಮತ್ತೆ ಏರಿತು. ಅದಕ್ಕೆ ಮುಖ್ಯ ಕಾರಣ ಗದ್ದೆಗಳ ಗೊಬ್ಬರ ಮತ್ತು ನಗರಗಳ ಚರಂಡಿ ನೀರಿನ ಪೋಷಕಾಂಶವೆಂದು ವಿಜ್ಞಾನಿಗಳು ಅಭಿಪ್ರಾಯಪಟ್ಟಿದ್ದಾರೆ. ನದಿ ಕೊಡುತ್ತಿದ್ದ ತುತ್ತನ್ನು ಚರಂಡಿ ಕೊಡುವಂತಾದುದನ್ನು ಪ್ರಗತಿಯೆನ್ನಬೇಕೋ ಎಂಬುದನ್ನು ಓದುಗರೇ ನಿರ್ಧರಿಸಲಿ.

ನಮ್ಮ ದೇಶದ ಎರಡು ಕಡಲುಗಳು

ಒಂದೇ ಅಕ್ಷಾಂಶದಲ್ಲಿ ಭಾರತದ ಎರಡು ಮಗ್ಗುಲುಗಳಲ್ಲಿರುವ ಕಡಲುಗಳನ್ನು ಹೋಲಿಸಿದರೆ ಹೊಳೆಯ ಮಹಿಮೆ ಇನ್ನೂ ಸ್ಪಷ್ಟವಾಗುತ್ತದೆ. ಬಂಗಾಳ ಕೊಲ್ಲಿಗೆ ಗಂಗೆ, ಬ್ರಹ್ಮಪುತ್ರ, ಇರಾವದಿ, ಮಹಾನದಿ, ಗೋದಾವರಿ, ಕೃಷ್ಣೆ, ಕಾವೇರಿಗಳೆಲ್ಲ ಬಂದು ಬೀಳುತ್ತವೆ. ಹೀಗಾಗಿ ಅದರ ಮೇಲ್ಪದರ, ವಿಶೇಷವಾಗಿ ಉತ್ತರ ಭಾಗದಲ್ಲಿ, ಸಪ್ಪೆಯಾಗಿದೆ. ಮುಚ್ಚಳ ಎಷ್ಟು ಭದ್ರವೆಂದರೆ ಮುಂಗಾರಿನ ಗಾಳಿಗೂ ಅದನ್ನು ಪೂರ್ತಿ ಕದಡಲಾಗದು. ಆಳದ ಪೋಷಕಾಂಶಗಳು ಸಾಕಷ್ಟು ಮೇಲೆ ಬಾರದೆ ಪ್ಲವಕದ ಬೆಳೆಯೂ ಮಿತವಾಗಿರುತ್ತದೆ. ಅರಬಿ ಸಮುದ್ರಕ್ಕೆ ಸಿಂಧೂ, ನರ್ಮದೆ, ತಾಪಿ ಬಿಟ್ಟರೆ ದೊಡ್ಡ ನದಿಗಳು ಕಡಿಮೆ. ಮಳೆಗಿಂತ ಆವಿಯಾಗಿ ಹೋಗುವುದೇ ಹೆಚ್ಚು. ಆದುದರಿಂದ ಅದು ಉಪ್ಪಿನ ಕಡಲು. ಗಾಳಿಗೆ ಅದು ಸುಲಭವಾಗಿ ಕದಡುತ್ತದೆ. ಪ್ಲವಕದ ಬೆಳೆ ಹುಲುಸಾಗಿರುತ್ತದೆ. ಆ ಹುಲುಸಿನ ಫಲವಾಗಿ ಕೆಳಗಿಳಿದು ಕೊಳೆಯುವುದೂ ಹೆಚ್ಚು. ಸುಮಾರು 150 ಮೀಟರ್ ಆಳದಿಂದ 1000 ಮೀಟರ್ ತನಕ ಅರಬಿ ಸಮುದ್ರದಲ್ಲಿ ಆಮ್ಲಜನಕ ಬಹಳ ಕಡಿಮೆಯಾದ ದಪ್ಪ ಪದರವೊಂದು ಶಾಶ್ವತವಾಗಿದೆ.

ಇನ್ನೂ ಒಂದು ಕೌತುಕ. ಚಳಿಗಾಲದಲ್ಲಿ, ಸ್ಥೂಲವಾಗಿ ನವೆಂಬರದಿಂದ ಫೆಬ್ರವರಿಯ ತನಕ, ನಮ್ಮ ಪಶ್ಚಿಮ ತೀರದ ಹರಿವು ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ಬಂಗಾಳ ಕೊಲ್ಲಿಯ ಸಪ್ಪೆ ನೀರು ಶ್ರೀಲಂಕೆಯನ್ನು ಬಳಸಿಕೊಂಡು ಬಂದು ಕೇರಳ, ಕರ್ನಾಟಕದ ತೀರದುದ್ದಕ್ಕೂ ಹರಡುತ್ತದೆ. ಗಂಗಾಸ್ನಾನಕ್ಕೆ ಕಾಶಿಗೆ ಹೋಗಲಾರದ ನಮ್ಮ ಹಿರಿಯರು ಮಾಘಮಾಸದಲ್ಲಿ ಊರ ಕಡಲಿನಲ್ಲಿಯೇ ಮಿಂದಿದ್ದರೆ, ಅದರಲ್ಲಿ ಗಂಗೆಯ ಕೆಲವು ಹನಿಗಳಾದರೂ ಇದ್ದವೆನ್ನಲು ಅಡ್ಡಿಯಿಲ್ಲ!

ನಮ್ಮ ತೀರದ ಮಳೆಗಾಲ

ಈಗ ನಮ್ಮ ತೀರಕ್ಕೆ ಬರೋಣ. ಇಲ್ಲಿಯ ಸ್ಥಿತಿ ಮಿಸಿಸಿಪಿಯಂತಲ್ಲ. ಮಳೆಗಾಲದಲ್ಲಿ ತೀರದ ಹರಿವು ಉತ್ತರದಿಂದ ದಕ್ಷಿಣಕ್ಕೆ ತಿರುಗುತ್ತದೆ. ತೀರದ ಮೇಲ್ಪದರದ ನೀರು ಹೊರಕಡಲಿನ ಕಡೆಗೆ ಸರಿಯುತ್ತದೆ. ಆ ಜಾಗವನ್ನು ತುಂಬಲು ಆಳದ ತಂಪು ನೀರು ಮೇಲೇರಿ, ದಡದ ಸಮೀಪದ ಆಳವಿಲ್ಲದ ಕಡಲಿಗೆ ಬರುತ್ತದೆ. ಹೀಗೆ ಬರುವ ನೀರಿನಲ್ಲಿ ಪೋಷಕಾಂಶ ಹೇರಳ, ಆಮ್ಲಜನಕ ವಿರಳ. ಬೂತಾಯಿ, ಬಂಗುಡೆಗಳ ಸಮೃದ್ಧಿಗೆ ಈ ಪೋಷಕಾಂಶವೇ ಆಧಾರ. ಅದೇ ವೇಳೆಗೆ ಮೇಲಿನಿಂದ ಜಡಿಮಳೆ, ಬದಿಯಿಂದ ಹತ್ತಾರು ಹೊಳೆಗಳ ಪ್ರವಾಹ. ಈ ಸಿಹಿನೀರು ತೀರದುದ್ದಕ್ಕೂ ಐದು-ಹತ್ತು ಮೀಟರ್ ದಪ್ಪದ ಬೆಚ್ಚನೆಯ ಚಾಪೆಯಾಗಿ, ಮೇಲೇರಿ ಬಂದ ತಂಪು ನೀರನ್ನು ಮುಚ್ಚುತ್ತದೆ. ಮೊದಲೇ ಬಡವಾಗಿದ್ದ ತಳದ ಆಮ್ಲಜನಕ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬರಿದಾಗತೊಡಗುತ್ತದೆ.

ಮಿಸಿಸಿಪಿಯಲ್ಲಿ ಹೊಳೆ ಮುಚ್ಚಳವನ್ನೂ ತರುತ್ತದೆ, ಊಟವನ್ನೂ ತರುತ್ತದೆ. ನಮ್ಮಲ್ಲಿ ಹೊಳೆ ಮತ್ತು ಮಳೆ ತರುವುದು ಮುಖ್ಯವಾಗಿ ಮುಚ್ಚಳವನ್ನು. ಊಟದ ಬಹುಪಾಲು ಕಡಲ ಆಳದಿಂದಲೇ ಬರುತ್ತದೆ. ಆದುದರಿಂದ ನಮ್ಮ ತೀರದ ಈ ಉಸಿರಿನ ಕೊರತೆ ಮೂಲತಃ ನೈಸರ್ಗಿಕವಾದದ್ದು, ವರ್ಷವರ್ಷವೂ ಬಂದು ಹೋಗುವಂಥದ್ದು. ಮೇಲೇರಿ ಬರುವ ಬಡನೀರಿಗೂ ಮೀನಿಗೂ ಇರುವ ಸಂಬಂಧವನ್ನು ಕಾರ್ಲ್ ಬಾನ್ಸೆ ಎಂಬ ವಿಜ್ಞಾನಿ 1959ರಷ್ಟು ಹಿಂದೆಯೇ ವಿವರಿಸಿದ್ದರು. ಈ ನೀರು ಆವರಿಸಿದಾಗ ತಳದಲ್ಲಿ ಬದುಕುವ ಮೀನುಗಳು ಅಲ್ಲಿಂದ ಕದಲುತ್ತವೆ, ತಳಬಲೆಗೆ ಏನೂ ಸಿಗದಾಗುತ್ತದೆ. ಮಳೆಗಾಲದಲ್ಲಿ ಸಿಗಡಿ, ನಂಗು ದಡದ ತೀರಾ ಸಮೀಪ ಸಿಗುವುದಕ್ಕೂ ಕಡಲಿನ ಈ ಚಲನೆಗೂ ನಂಟಿದೆ.

ಆದರೆ ನೈಸರ್ಗಿಕವೆಂದು ಸುಮ್ಮನಿರುವಂತೆಯೂ ಇಲ್ಲ. ಗೋವೆಯಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 1999ರ ಸೆಪ್ಟೆಂಬರ್-ಅಕ್ಟೋಬರದಲ್ಲಿ ಪಶ್ಚಿಮ ತೀರದ ನೀರನ್ನು ಪರೀಕ್ಷಿಸಿದರು. ತಳದಲ್ಲಿ ಆಮ್ಲಜನಕ ಪೂರ್ತಿ ಮುಗಿದು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಕೂಡ ಉಂಟಾದುದು ಅವರಿಗೆ ಕಂಡುಬಂತು. ಹಸಿರುಮನೆ ಪರಿಣಾಮವನ್ನು ಹೆಚ್ಚಿಸುವ ನೈಟ್ರಸ್ ಆಕ್ಸೈಡ್ ಅನಿಲವೂ ಅಪಾರವಾಗಿ ಹೊರಬೀಳುತ್ತಿತ್ತು. ಈ ಫಲಿತಾಂಶ 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ನೆಲದಿಂದ ಹೋಗುವ ಗೊಬ್ಬರದ ಅಂಶವೂ ಪರಿಸ್ಥಿತಿ ಬಿಗಡಾಯಿಸಲು ಕಾರಣವಾಗಿರಬಹುದು ಎಂದು ಅವರು ಎಚ್ಚರಿಸಿದರು. ಈಗಾಗಲೇ ಏದುಸಿರು ಬಿಡುತ್ತಿರುವ ಕಡಲಿಗೆ ನಾವು ಹೊಳೆಯ ಮೂಲಕ ಚರಂಡಿ, ಗೊಬ್ಬರ, ಕಸ ಕಳುಹಿಸಿದರೆ ಅದು ಆಯಾಸಗೊಂಡವನ ತಲೆಯ ಮೇಲೆ ಇನ್ನೊಂದು ಮೂಟೆ ಹೇರಿದಂತೆ. ಕಡಲಿನ ನೈಸರ್ಗಿಕ ಬಡತನವನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಹೊರೆಯನ್ನು ಇಳಿಸುವುದು ನಮ್ಮ ಕೈಯಲ್ಲಿದೆ.

ಬೇಸಗೆಯಲ್ಲಿ ತಿರುಗುಮುರುಗು

ಮಳೆಗಾಲದಲ್ಲಿ ಹೊಳೆ ಕಡಲಿನ ಮೇಲೆ ಹಾಸಿದರೆ, ಬೇಸಗೆಯಲ್ಲಿ ಕಡಲು ಹೊಳೆಯ ಕೆಳಗೆ ನುಗ್ಗುತ್ತದೆ. ಭಾರವಾದ ಉಪ್ಪುನೀರು ಬೆಣೆಯ ಆಕಾರದಲ್ಲಿ ಹೊಳೆಯ ತಳವನ್ನು ಹಿಡಿದುಕೊಂಡು ಉಬ್ಬರದೊಡನೆ ಮೇಲೇರುತ್ತದೆ. ಅದನ್ನು ಹಿಂದಕ್ಕೆ ತಳ್ಳುವ ಶಕ್ತಿ ಹೊಳೆಯ ಹರಿವೊಂದಕ್ಕೇ ಇದೆ. ಹರಿವು ಸೊರಗಿದಷ್ಟೂ ಉಪ್ಪು ಮೇಲೆ ಬರುತ್ತದೆ. ಮರಳು ತೆಗೆದು ಹೊಳೆಯ ತಳ ಆಳವಾದಷ್ಟೂ ಅದರ ದಾರಿ ಸುಗಮವಾಗುತ್ತದೆ. ಬದಿಯ ಬಾವಿಗಳಿಗೆ ಉಪ್ಪು ಇಳಿಯುತ್ತದೆ. ತೆಂಗು ತಡೆದರೂ ಅಡಿಕೆ, ಬಾಳೆ ತಡೆಯಲಾರವು.

ಕಾಸರಗೋಡು ಪೇಟೆಗೆ ಕುಡಿಯುವ ನೀರು ಹೋಗುವ ಚಂದ್ರಗಿರಿ ಹೊಳೆಯ ಬಾವಿಕ್ಕರೆಗೆ ಬೇಸಗೆಯಲ್ಲಿ ಉಪ್ಪುನೀರು ತಲಪಿ, ನಳ್ಳಿಯಲ್ಲಿ ಉಪ್ಪುನೀರು ಬಂದುದನ್ನು ಪೇಟೆಯ ಜನ ವರ್ಷಗಟ್ಟಲೆ ಅನುಭವಿಸಿದ್ದಾರೆ. ಅಲ್ಲಿ ಮೊದಲು ಮರಳಿನ ಚೀಲಗಳ ತಾತ್ಕಾಲಿಕ ಕಟ್ಟ ಹಾಕುತ್ತಿದ್ದರು. ಅನಂತರ ಶಾಶ್ವತ ತಡೆ ನಿರ್ಮಾಣವಾಯಿತು. ಇಂಥ ತಡೆಗಳು ಕುಡಿಯುವ ನೀರನ್ನು ಕಾಪಾಡುತ್ತವೆ. ಅವನ್ನು ಹೊತ್ತು ನೋಡಿ ತೆರೆದು ಮುಚ್ಚುವ ಜಾಣ್ಮೆಯೂ ಬೇಕು. ಏಕೆಂದರೆ ಸಿಗಡಿಯಂಥ ಜೀವಿಗಳು ಕಡಲಿನಲ್ಲಿ ಮೊಟ್ಟೆಯಿಟ್ಟು, ಮರಿಗಳಾಗಿ ಅಳಿವೆಯ ಒಳಗಿನ ಚೌಳು ನೀರಿಗೆ ಬಂದು ಬೆಳೆದು, ಮತ್ತೆ ಕಡಲಿಗೆ ಹಿಂತಿರುಗುತ್ತವೆ. ಉಪ್ಪು ಪೂರ್ತಿ ಇಲ್ಲದಿದ್ದರೂ ಅವಕ್ಕೆ ತೊಂದರೆ, ಪೂರ್ತಿ ಕಡಲಿನಷ್ಟಾದರೂ ತೊಂದರೆ. ಹಿತವಾದ ಬೆರಕೆಯೇ ಅವುಗಳ ತೊಟ್ಟಿಲು. ಸಪ್ತಭಾಷಾ ಸಂಗಮಭೂಮಿಯೆಂದು ಹೆಸರಾದ ಈ ನಾಡಿನವರಿಗೆ ಬೆರೆತು ಬಾಳುವ ನೀರಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

'ವ್ಯರ್ಥ' ಎಂಬ ಮಾತಿಗೆ ಉತ್ತರ

ನೇತ್ರಾವತಿಯ ಮೇಲ್ಭಾಗದ ತೊರೆಗಳ ಮಳೆಗಾಲದ ನೀರನ್ನು ಪೂರ್ವದ ಬರದ ಜಿಲ್ಲೆಗಳಿಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರದಲ್ಲಿ ಚಾಲನೆ ದೊರೆಯಿತು. ಯೋಜನೆಯ ಒಟ್ಟು ಗುರಿ ಸುಮಾರು 24 ಟಿ.ಎಂ.ಸಿ. ಅಡಿ ನೀರು. ಇದರ ಪರ ವಿರೋಧವಾಗಿ ಕರಾವಳಿಯಲ್ಲಿಯೂ ಬಯಲುಸೀಮೆಯಲ್ಲಿಯೂ ಬೇಕಾದಷ್ಟು ವಾದಗಳು ನಡೆದಿವೆ. ಕೋಲಾರ, ಚಿಕ್ಕಬಳ್ಳಾಪುರದ ಜನರ ದಾಹ ಸುಳ್ಳಲ್ಲ. ಅವರಿಗೆ ನೀರು ಕೊಡಬಾರದೆಂದು ಹೇಳುವ ಹಕ್ಕು ನನಗಿಲ್ಲ. ನಾನು ಹೇಳಬಯಸುವುದು ಇಷ್ಟೇ: ಯಾವುದೇ ಹೊಳೆಯಿಂದ ನೀರು ತೆಗೆಯುವಾಗ ಲೆಕ್ಕದ ಪುಸ್ತಕದಲ್ಲಿ ಕಡಲಿನ ಹೆಸರಿಗೂ ಒಂದು ಪುಟ ಇರಬೇಕು. ಅಳಿವೆಯಲ್ಲಿ ಉಪ್ಪು ಎಷ್ಟಿತ್ತು, ಎಷ್ಟಾಯಿತು. ತಳದಲ್ಲಿ ಆಮ್ಲಜನಕ ಎಷ್ಟಿತ್ತು, ಎಷ್ಟಾಯಿತು. ಇದನ್ನು ಮೊದಲೂ ಅಳೆಯಬೇಕು, ಆಮೇಲೂ ಅಳೆಯಬೇಕು. ಅಳೆಯದೆ 'ವ್ಯರ್ಥ' ಎನ್ನುವುದೂ ಸರಿಯಲ್ಲ, ಅಳೆಯದೆ 'ಅನರ್ಥ' ಎನ್ನುವುದೂ ಸರಿಯಲ್ಲ.

ನೀರನ್ನು ಹಿಡಿದಿಡುವ ವಿಧಾನದಲ್ಲಿಯೂ ಭೇದವಿದೆ. ನಮ್ಮ ಕೃಷಿಕರು ತಲೆತಲಾಂತರದಿಂದ ಮಳೆ ನಿಂತ ಮೇಲೆ ತೋಡುಗಳಿಗೆ ಕಲ್ಲು ಮಣ್ಣಿನ ಕಟ್ಟ ಕಟ್ಟಿ, ಮುಂದಿನ ಮಳೆಗೆ ಮುಂಚೆ ಬಿಡಿಸುವ ಪದ್ಧತಿಯನ್ನು ಪಾಲಿಸಿಕೊಂಡು ಬಂದಿದ್ದಾರೆ. ಕಟ್ಟ ಮಳೆಗಾಲದ ಪ್ರವಾಹವನ್ನು ತಡೆಯುವುದಿಲ್ಲ. ಕಡಲಿಗೆ ಸಲ್ಲಬೇಕಾದ ಪಾಲು ಸಲ್ಲುತ್ತದೆ. ಅನಂತರದ ನೀರು ನಿಂತು, ನೆಲಕ್ಕಿಂಗಿ, ಬಾವಿಯಲ್ಲಿ ಉಳಿದು, ಒರತೆಯಾಗಿ ನಿಧಾನವಾಗಿ ಹೊಳೆಗೆ ಮರಳುತ್ತದೆ. ಬೇಸಗೆಯಲ್ಲಿ ಉಪ್ಪಿನ ಬೆಣೆಯನ್ನು ಹಿಂದಕ್ಕೆ ತಳ್ಳುವುದು ಇಂಥ ಒರತೆಯ ನೀರೇ. ಕಟ್ಟ, ಮದಕ, ಗುಡ್ಡದ ಇಂಗುಗುಂಡಿಗಳು ತೋಟಕ್ಕೂ ಹಿತ, ಅಳಿವೆಗೂ ಹಿತ. ಹೊಳೆಯ ಬದಿಯ ಕಾಂಡ್ಲ ಕಾಡನ್ನು ಕಡಿಯದೆ ಉಳಿಸಿದರೆ ಅದು ಪೋಷಕಾಂಶವನ್ನೂ ಕೆಸರನ್ನೂ ಸೋಸುತ್ತದೆ. ಪೇಟೆಯ ಕೊಳೆನೀರನ್ನು ಶುದ್ಧೀಕರಿಸಿ ಬಿಟ್ಟರೆ ಕಡಲಿನ ಹೊರೆ ಇಳಿಯುತ್ತದೆ.

ಕೊನೆಯದಾಗಿ ಶಾಲೆಯ ಈಗಿನ ಅಧ್ಯಾಪಕ ಬಂಧುಗಳಿಗೂ ಹಳೆ ವಿದ್ಯಾರ್ಥಿ ಸಂಘದವರಿಗೂ ಒಂದು ವಿನಂತಿ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ವಿಧಾನವನ್ನು ಹಂಗೇರಿಯ ವಿಂಕ್ಲರ್ ಎಂಬಾತ 1888ರಲ್ಲಿಯೇ ಪ್ರಕಟಿಸಿದ. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ, ಅಧ್ಯಾಪಕರ ಕಣ್ಣಳತೆಯಲ್ಲಿ, ಮಕ್ಕಳು ಮಾಡಬಹುದಾದ ಪ್ರಯೋಗ ಅದು. ಉಪ್ಪನ್ನು ಅಳೆಯುವುದು ಅದಕ್ಕಿಂತಲೂ ಸುಲಭ. ಪ್ರತಿ ಅಮಾವಾಸ್ಯೆಯ ಉಬ್ಬರಕ್ಕೂ ಇಳಿತಕ್ಕೂ ಹೊಳೆಯ ಎರಡು ಮೂರು ಕಡವುಗಳಲ್ಲಿ ನೀರು ತೆಗೆದು, ಉಪ್ಪು ಮತ್ತು ಆಮ್ಲಜನಕವನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಕಾರ್ಯವನ್ನು ವಿಜ್ಞಾನ ಸಂಘ ಕೈಗೊಳ್ಳಲಿ. ಕಡಲಿಗಿಳಿಯುವ ಮನೆತನಗಳ ಹಳೆ ವಿದ್ಯಾರ್ಥಿಗಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಯಾವ ತಿಂಗಳು ಯಾವ ಮೀನು ಎಷ್ಟು ದೂರದಲ್ಲಿ ಸಿಕ್ಕಿತೆಂಬ ಅವರ ಅನುಭವವನ್ನೂ ಅದೇ ಪುಸ್ತಕದಲ್ಲಿ ಕನ್ನಡದಲ್ಲಿಯೇ ದಾಖಲಿಸಲಿ. ಒಂದು ವರ್ಷದ ಅಂಕಿಗಳಿಂದ ಏನೂ ತಿಳಿಯದು. ಹತ್ತು ವರ್ಷದ ಅಂಕಿಗಳು ತಜ್ಞರೂ ಕೇಳಿ ಪಡೆಯುವ ಸಂಪತ್ತಾಗುತ್ತವೆ. ಐವತ್ತು ವರ್ಷ ತಪ್ಪದೆ ಮಕ್ಕಳ ಹಾಜರಿ ಬರೆದ ಶಾಲೆಗೆ ಹೊಳೆಯ ಹಾಜರಿ ಬರೆಯುವುದು ಅಸಾಧ್ಯವೇನಲ್ಲ.